ಅಫ್ಶಾನ್ ಹಚ್ಚದ ಕೈ

ಆಬಿದಾ ಆಪಾ ನನಗೆ ಮೊದಲು ಸಿಕ್ಕಿದ್ದು ಶಿವಾಜಿನಗರದ ಒಂದು ಅಂಗಡಿಯಲ್ಲಿ. ಸಿಕ್ಕ ಗಳಿಗೆಯಲ್ಲೇ ಬೈಸಿಕೊಂಡೆ. ಮದುವೆ ದುಪಟ್ಟಾಗಳಿಗೆ ಹೊಲಿಯುವ ಲೇಸು, ಜರಿ, ಚಮಕಿ ಮಾರುವ ಅಂಗಡಿ ಅದು. ನಾನು ಗಾಜಿನ ಕೌಂಟರಿನ ಮೇಲೆ ಬಣ್ಣಬಣ್ಣದ ಗ್ಲಿಟರ್ ಪುಡಿಯ ಪೊಟ್ಟಣಗಳನ್ನು ಹರವಿಕೊಂಡು, ಯಾವುದು ಹೆಚ್ಚು ಹೊಳೆಯುತ್ತದೆ ಎಂದು ಬಲ್ಬಿಗೆ ಹಿಡಿದು ನೋಡುತ್ತಿದ್ದೆ. ಪಕ್ಕದಲ್ಲಿ ಬುರ್ಖಾ ಹಾಕಿಕೊಂಡು ನಿಂತಿದ್ದ ಹೆಂಗಸೊಬ್ಬರು ಸ್ವಲ್ಪ ಹೊತ್ತು ಸಹಿಸಿಕೊಂಡು ನೋಡಿದರು. ಆಮೇಲೆ ಅವರಿಂದ ಆಗಲಿಲ್ಲ.

"ಇದನ್ನ ಯಾವ್ದಕ್ಕೆ ಹಚ್ತೀಯಮ್ಮಾ?"

"ಮುಖಕ್ಕೆ. ಒಂದು ಹುಡುಗಿದು ಫೋಟೋ ಶೂಟ್ ಇದೆ."

"ಆ ಹುಡುಗಿ ನಿಂಗೆ ಏನು ಮಾಡಿದ್ಲು, ಪಾಪ?"

ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಗುರುತಿಲ್ಲ, ಪರಿಚಯವಿಲ್ಲ, ಈಕೆ ಯಾರು ನನ್ನನ್ನು ಕೇಳುವುದಕ್ಕೆ ಅನ್ನಿಸಿತು. "ಯಾಕ್ರೀ, ನೀವೇನು ಡಾಕ್ಟರಾ?" ಅಂದೆ. ಆಕೆ ನಕ್ಕುಬಿಟ್ಟರು. "ಅಲ್ಲ, ಮೇಕಪ್ಪಿನವಳು. ಇದು ಥರ್ಮಾಕೋಲಿಗೆ ಅಂಟಿಸೋದು ಕಣಮ್ಮಾ. ಅಂಚು ಬ್ಲೇಡಿನ ಥರ ಇರುತ್ತೆ. ಕಣ್ಣಿಗೆ ಬಿದ್ರೆ ನೀನು ಫೋಟೋ ತೆಗ್ಯೋದು ಆಸ್ಪತ್ರೆಲೇ." ಅಂಗಡಿಯವನೂ ಹೌದೆಂದು ತಲೆಯಾಡಿಸಿದ. ಅಷ್ಟು ಹೊತ್ತು ನನಗೆ ಪೊಟ್ಟಣ ತೋರಿಸುತ್ತಿದ್ದಾಗ ಆ ತಲೆ ಎಲ್ಲಿಗೆ ಹೋಗಿತ್ತೋ.

ಆವತ್ತು ಅವರೇ ನನ್ನನ್ನು ಇನ್ನೊಂದು ಅಂಗಡಿಗೆ ಕರೆದುಕೊಂಡು ಹೋಗಿ ಮುಖಕ್ಕೆ ಹಚ್ಚುವ ಗ್ಲಿಟರು, ಚರ್ಮಕ್ಕೆ ತಾಳುವ ಗೋಂದು ಕೊಡಿಸಿದರು. ಚಹಾ ಕುಡಿಸಿದರು. ಕುಡಿಯುತ್ತಲೇ ನನ್ನ ಇಡೀ ಜಾತಕ ಕೇಳಿ ತಿಳಿದುಕೊಂಡರು. ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಹೆಸರು ರಾಜೇಶ್ವರಿ. ಊರು ಕಲಬುರಗಿಯ ಚಿತ್ತಾಪುರದ ಕಡೆ. ಅಪ್ಪ ಗಾರೆ ಕೆಲಸಕ್ಕೆಂದು ನಮ್ಮನ್ನು ಇಲ್ಲಿಗೆ ಕರೆತಂದು, ಇಲ್ಲೇ ತೀರಿಕೊಂಡರು. ಅಮ್ಮ ಸುಭದ್ರಮ್ಮ ಇಂದಿರಾನಗರದ ಒಂದು ಮನೆಯಲ್ಲಿ ಅಡುಗೆ ಮಾಡುತ್ತಾರೆ. ನಾವಿಬ್ಬರೂ ಇರುವುದು ಕಗ್ಗದಾಸಪುರದ ಒಂದು ಬಾಡಿಗೆ ಕೋಣೆಯಲ್ಲಿ. ಲಿಂಗರಾಜಪುರದಲ್ಲಿ, ಒಂದು ಬೇಕರಿಯ ಮಹಡಿಯ ಮೇಲೆ, ನನ್ನ ಸ್ಟುಡಿಯೋ. ಸ್ಟುಡಿಯೋ ಅನ್ನುವುದು ದೊಡ್ಡ ಮಾತು, ಅದೂ ಒಂದು ಕೋಣೆಯೇ. ಪಾಸ್‌ಪೋರ್ಟ್ ಫೋಟೋ, ಮಗುವಿನ ಹುಟ್ಟುಹಬ್ಬ, ಆಗಾಗ ಒಂದು ಮದುವೆ. ಮಿಕ್ಕ ಹೊತ್ತಿನಲ್ಲಿ ನನಗೆ ಬೇಕಾದ ಹಾಗೆ ಮುಖಗಳನ್ನು ತೆಗೆಯಬೇಕೆಂಬ ಹುಚ್ಚು. ಆ ಹುಚ್ಚಿಗೆ ಹೊಸದಾಗಿ ಅಂಟಿದ್ದು ಗ್ಲಿಟರು.

"ಶೂಟ್ ಯಾವತ್ತು?" ಅಂದರು ಆಪಾ.

"ಶನಿವಾರ."

"ನಾನೇ ಬಂದು ಹಚ್ತೀನಿ. ನಿನ್ನ ಮೇಲೆ ನಂಬಿಕೆ ಇಲ್ಲ."

ಹೀಗೆ ಬಂದವರು ಮತ್ತೆ ಬಿಟ್ಟುಹೋಗಲೇ ಇಲ್ಲ. ಪುಲಿಕೇಶಿನಗರದಲ್ಲಿ, ಮಸೀದಿ ರಸ್ತೆಯ ಹಿಂದಿನ ಓಣಿಯಲ್ಲಿ, ಅಣ್ಣ ಇನಾಯತ್ ಉಲ್ಲಾ ಅವರ ಮನೆಯಲ್ಲಿ ಅವರ ವಾಸ. ಮದುಮಗಳ ಮೇಕಪ್ಪಿಗೆ ಆ ಕಡೆ ಆಬಿದಾ ಆಪಾನ, ಅಂದರೆ ಆಬಿದಾ ಅಕ್ಕನ, ಹೆಸರು ಕೇಳದವರಿಲ್ಲ. ಮದುವೆಗಳಿಲ್ಲದ ದಿನಗಳಲ್ಲಿ ಬ್ರಷ್ಷಿನ ಚೀಲ ಹೆಗಲಿಗೇರಿಸಿಕೊಂಡು ನನ್ನ ಮೆಟ್ಟಿಲು ಹತ್ತುತ್ತಿದ್ದರು, ಹತ್ತುವಾಗ ಪ್ರತಿ ಸಲವೂ ಬೇಕರಿಯವನ ಮೆಟ್ಟಿಲಿಗೆ ಶಾಪ ಹಾಕುತ್ತಿದ್ದರು.

ಗ್ಲಿಟರ್ ಫೋಟೋ ಅಂದರೆ ಪುಡಿ ಎರಚಿ ಬಟನ್ ಒತ್ತುವುದು ಅಂತ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ನನ್ನ ಮೊದಲನೇ ಶೂಟಿನಲ್ಲಿ ಎದುರಿನಿಂದ ಫ್ಲ್ಯಾಶ್ ಹೊಡೆದೆ. ಹುಡುಗಿ ಮುಖಕ್ಕೆ ವಿಭೂತಿ ಬಳಿದುಕೊಂಡವಳ ಹಾಗೆ ಬಂದಳು. ಆಮೇಲೆ ನಿಧಾನವಾಗಿ ಕಲಿತೆ. ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು. ಹಿಂದೆ ಕಪ್ಪು ಬಟ್ಟೆ ಇರಬೇಕು. ಮುಖ ಒಂದಿಷ್ಟು ತಿರುಗಿದರೂ ಆ ಚುಕ್ಕೆಗಳು ಆರಿ ಬೇರೆ ಚುಕ್ಕೆಗಳು ಹೊತ್ತಿಕೊಳ್ಳುತ್ತವೆ, ಅದಕ್ಕೇ ಮೊದಲು ಮೊಬೈಲಿನ ಟಾರ್ಚ್ ಹಿಡಿದು ಎಲ್ಲಿ ಹೊಳೆಯುತ್ತದೆ ಎಂದು ಹುಡುಕಿಕೊಳ್ಳಬೇಕು. ಶೂಟಿನ ಹಿಂದಿನ ದಿನ ನಾನು ಹಾಳೆಯ ಮೇಲೆ ಒಂದು ಮುಖ ಬರೆದು, ಗ್ಲಿಟರ್ ಎಲ್ಲಿಂದ ಶುರುವಾಗಿ ಎಲ್ಲಿ ಮುಗಿಯಬೇಕು ಅಂತ ಗುರುತು ಹಾಕಿ ಆಪಾಗೆ ಕಳಿಸುತ್ತಿದ್ದೆ. ಅವರು ಅದನ್ನು ನೋಡಿ ಜಗಳಕ್ಕೆ ತಯಾರಾಗಿಯೇ ಬರುತ್ತಿದ್ದರು.

"ಇಷ್ಟೇ ಇಷ್ಟಾ? ಇಷ್ಟು ಗ್ಲಿಟರು ನಮ್ಮ ಮದುಮಗಳು ಒಂದು ರೆಪ್ಪೆಗೆ ಹಚ್ಚಿಸ್ಕೊತಾಳೆ."

"ಆಪಾ, ಇದು ಮದುವೆ ಅಲ್ಲ. ಕೆನ್ನೆ ತುಂಬ ಹಚ್ಚಿದ್ರೆ ಮುಖ ಎಲ್ಲಿ ಕಾಣುತ್ತೆ?"

"ಮುಖ ದಿನಾ ಕಾಣುತ್ತಲ್ವಾ?"

ಕೊನೆಗೆ ಇಬ್ಬರೂ ಸ್ವಲ್ಪ ಸ್ವಲ್ಪ ಸೋಲುತ್ತಿದ್ದೆವು. ಚಿತ್ರ ಚೆನ್ನಾಗಿ ಬರುತ್ತಿತ್ತು. ಇಂದಿರಾನಗರದ ಒಂದು ಬಟ್ಟೆ ಅಂಗಡಿಯವರು ಗೋಡೆಗೆ ಹಾಕಲು ಅದೇ ಚಿತ್ರಗಳನ್ನು ಕೇಳಿಕೊಂಡು ಬಂದಾಗ ಆಪಾ, "ನೋಡಿದ್ಯಾ, ನನ್ನ ಕೆನ್ನೆ" ಅಂದರು. "ನನ್ನ ಲೈಟು" ಅಂದೆ ನಾನು.

ಅವರದ್ದೊಂದು ಕಟ್ಟಪ್ಪಣೆ ಇತ್ತು. ಶೂಟ್ ಮುಗಿದ ಮೇಲೆ ಹುಡುಗಿಯನ್ನು ಎದುರು ಕೂರಿಸಿಕೊಂಡು, ತೆಂಗಿನೆಣ್ಣೆ ಅದ್ದಿದ ಹತ್ತಿಯಿಂದ ಒಂದೊಂದು ಕಣವನ್ನೂ ತಾವೇ ತೆಗೆಯುವರು. ಕಿವಿಯ ಹಿಂದೆ, ಹುಬ್ಬಿನ ಸಂದಿ, ಕೂದಲ ಬುಡ, ಏನೂ ಬಿಡುವಂತಿಲ್ಲ. ಆಮೇಲೆ ತಮ್ಮ ಬೆರಳು, ಉಗುರು. ಅದಕ್ಕೊಂದು ಕಾರಣವಿತ್ತು. ನಮ್ಮ ಮೊದಲ ಹುಡುಗಿ ಕೆ.ಆರ್. ಪುರದ ಪೀಜಿಯಲ್ಲಿದ್ದವಳು, ಟಿಶ್ಯೂನಲ್ಲಿ ಒರೆಸಿಕೊಂಡು ಹೊರಟುಹೋಗಿದ್ದಳು. ಮರುದಿನ ಕೆಲಸದ ಜಾಗದಲ್ಲಿ ಮ್ಯಾನೇಜರ್ ಅವಳ ಹಣೆಯ ಮಿನುಗು ನೋಡಿ, ನಿನ್ನೆ ಯಾವ ಪಬ್ಬಿನಲ್ಲಿದ್ದೆ ಅಂತ ಎಲ್ಲರೆದುರು ಕೇಳಿದನಂತೆ. ಅವಳು ಅತ್ತುಕೊಂಡು ಫೋನ್ ಮಾಡಿದ್ದು ನನಗಲ್ಲ, ಆಪಾಗೆ. ಅಂದಿನಿಂದ ಎಣ್ಣೆ ಬಾಟಲಿ ಅವರ ಚೀಲ ಬಿಟ್ಟು ಕದಲಿದ್ದಿಲ್ಲ. "ಹೆಣ್ಣುಮಗು ಹೆಂಗೆ ಬಂತೋ ಹಂಗೇ ಮನೆಗೆ ಹೋಗ್ಬೇಕು" ಅನ್ನುತ್ತಿದ್ದರು.

ಅವರ ಕಡೆಯ ಮದುವೆಗಳ ಫೋಟೋ ಕೆಲಸವನ್ನೂ ಅವರೇ ನನಗೆ ಕೊಡಿಸತೊಡಗಿದರು. ಅಲ್ಲಿ ನಾನು ಅಫ್ಶಾನ್ ನೋಡಿದ್ದು. ಅದು ನುಣುಪಾದ ಬಂಗಾರದ ಇಲ್ಲವೇ ಬೆಳ್ಳಿ ಬಣ್ಣದ ಪುಡಿ. ಮದುಮಗಳನ್ನು ಪೂರ್ತಿ ಸಿಂಗರಿಸಿದ ಮೇಲೆ ಬೈತಲೆಗೂ ಹಣೆಗೂ ಅದನ್ನು ಉದುರಿಸುತ್ತಾರೆ. ನಾವು ಈಗ ಕಂಡುಹಿಡಿದೆವು ಅಂದುಕೊಂಡ ಗ್ಲಿಟರನ್ನು ಅವರ ಅಜ್ಜಿಯಂದಿರು ಆಗಲೇ ಹಚ್ಚಿಕೊಂಡಿದ್ದರು. ಆದರೆ ಅದನ್ನು ಯಾರು ಬೇಕಾದರೂ ಹಚ್ಚುವಂತಿಲ್ಲ. ನಮ್ಮಲ್ಲಿ ಮುತ್ತೈದೆಯರು ಅನ್ನುತ್ತೇವಲ್ಲ, ಹಾಗೆ ಅವರಲ್ಲಿ ಸುಹಾಗನ್ ಅನ್ನುತ್ತಾರೆ. ಅಂಥವರು ಏಳು ಜನ ಮದುಮಗಳ ಸುತ್ತ ನಿಂತು ಒಬ್ಬೊಬ್ಬರಾಗಿ ಚಿಟಿಕೆ ಚಿಟಿಕೆ ಹಚ್ಚುತ್ತಾರೆ.

ಅಫ್ಶಾನಿನ ಡಬ್ಬಿ ಬಂತೆಂದರೆ ಆಪಾ ಎದ್ದುಬಿಡುತ್ತಿದ್ದರು. "ಬ್ರಷ್ ತೊಳೀಬೇಕು" ಅಂತ ಹಿತ್ತಲಿಗೆ ಹೋಗುವರು. ಬೆಳಗಿನಿಂದ ಕೂತು ಆ ಹುಡುಗಿಯ ರೆಪ್ಪೆರೆಪ್ಪೆಯನ್ನೂ ತಿದ್ದಿದವರು, ಎಲ್ಲರೂ ಚಪ್ಪಾಳೆ ಹೊಡೆಯುವ ಹೊತ್ತಿಗೆ ನಲ್ಲಿಯ ಮುಂದೆ ಕೂತಿರುತ್ತಿದ್ದರು. ಮೊದಲ ಮದುವೆಯಲ್ಲಿ ನಿಜವಾಗಿಯೂ ಬ್ರಷ್ ತೊಳೆಯಲು ಹೋದರೆಂದೇ ಅಂದುಕೊಂಡೆ. ಆಮೇಲಾಮೇಲೆ ಅರ್ಥವಾಯಿತು. ಅರ್ಥವಾಗಲು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮ ವಠಾರದಲ್ಲಿ ಅರಿಶಿನ ಕುಂಕುಮಕ್ಕೆ ಕರೆಯಲು ಬಂದವರು ಅಮ್ಮನನ್ನು ದಾಟಿ ಪಕ್ಕದ ಮನೆಗೆ ಹೋಗುವುದನ್ನು, ಅಮ್ಮ ಆಗ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಳಗೆ ಹೋಗಿ ಸೌಟು ಹಿಡಿಯುವುದನ್ನು ನಾನು ನೋಡುತ್ತಲೇ ಬೆಳೆದಿದ್ದೇನೆ. ಆ ಸೌಟನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಒಂದು ಸಲ ಕೇಳಿಯೇಬಿಟ್ಟೆ. ಆಪಾ ಅಡ್ಡಮಾತಾಡಲಿಲ್ಲ. ಅವರ ಗಂಡ ಬೇಕರಿಗೆ ಮೈದಾ ಸಾಗಿಸುವ ಟೆಂಪೋ ಓಡಿಸುತ್ತಿದ್ದವರು. ಮದುವೆಯಾದ ಎರಡನೇ ವರ್ಷ ಜ್ವರ ಬಂದು ಹೋಗಿಬಿಟ್ಟರು.

"ಧರ್ಮದಲ್ಲಿ ಹಂಗೇನೂ ಬರೆದಿಲ್ಲ ಅಂತ ನಂಗೂ ಗೊತ್ತು ರಾಜಿ. ರಿವಾಜು ಅಷ್ಟೇ."

"ಮತ್ತೆ? ಯಾರು ಬೇಡ ಅಂದ್ರು?"

"ಯಾರೂ ಅಂದಿಲ್ಲ. ನನ್ನ ಕೈಯಿಂದ ಹಚ್ಚಿ, ನಾಳೆ ಆ ಹುಡುಗಿಗೆ ಏನಾದ್ರೂ ಆದ್ರೆ? ನಾನು ಹೆಂಗೆ ಬದುಕಲಿ ಹೇಳು."

ಬೇರೆಯವರು ಬೇಡ ಅಂದಿದ್ದರೆ ಜಗಳವಾಡಬಹುದಿತ್ತು. ಇಲ್ಲಿ ತಮಗೆ ತಾವೇ ಬೇಡ ಅಂದುಕೊಂಡಿದ್ದರು.

ಹೋದ ವರ್ಷ ಶೀಬಾಳ ಮದುವೆ ಗೊತ್ತಾಯಿತು. ಶೀಬಾ ಆಪಾನ ತಂಗಿಯ ಮಗಳು, ಆಪಾನನ್ನು ಖಾಲಾ ಅನ್ನುತ್ತಾಳೆ. ತಂಗಿ ತೀರಿಕೊಂಡಾಗ ಶೀಬಾ ಒಂದನೇ ಕ್ಲಾಸು. ಅಂದಿನಿಂದ ಅವಳಿಗೆ ಜಡೆ ಹೆಣೆದದ್ದು, ಟಿಫನ್ ಕಟ್ಟಿದ್ದು, ಶಾಲೆಯ ಗೇಟಿನಲ್ಲಿ ಕಾದದ್ದು ಎಲ್ಲವೂ ಆಪಾ. ಶೀಬಾ ಈಗ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ವರ ಜೀಶಾನ್, ಕನ್ನಡಕದ ಅಂಗಡಿ ಇಟ್ಟಿರುವ ಹುಡುಗ, ಒಳ್ಳೆಯವನು. ಮನೆಯಲ್ಲಿ ಎಲ್ಲರಿಗೂ ಖುಷಿ. ಒಂದು ಮಧ್ಯಾಹ್ನ ಶೀಬಾ ಒಬ್ಬಳೇ ನನ್ನ ಸ್ಟುಡಿಯೋಗೆ ಬಂದು, ಪಾಸ್‌ಪೋರ್ಟ್ ಫೋಟೋದ ಸ್ಟೂಲಿನ ಮೇಲೆ ಕೂತು ಅಳುವುದಕ್ಕೆ ಶುರು ಮಾಡಿದಳು.

"ಖಾಲಾ ಅಫ್ಶಾನ್ ಹಚ್ಚಲ್ವಂತೆ ರಾಜಿ ಅಕ್ಕಾ. ನಾನು ಕಾಲು ಹಿಡ್ಕೊಂಡೆ. ಇನ್ನೊಂದ್ಸಲ ಕೇಳಿದ್ರೆ ಮದುವೆಗೇ ಬರಲ್ಲ ಅಂದ್ರು."

"ನಿಮ್ಮ ಮಾಮಿ ಏನಂತಾರೆ?" ಮಾಮಿ ಅಂದರೆ ಕಮರುನ್ನೀಸಾ, ಇನಾಯತ್ ಉಲ್ಲಾ ಅವರ ಹೆಂಡತಿ. ಆ ಮನೆಯಲ್ಲಿ ಶಾಸ್ತ್ರಗಳೆಲ್ಲ ಅವರ ಮುಂದಾಳತ್ವದಲ್ಲೇ. ದನಿ ದೊಡ್ಡದು.

"ಮಾಮಿನ ಕೇಳೋಕೆ ಭಯ. ಕೇಳಿ, ಅವರು ಬೇಡ ಅಂದ್ಬಿಟ್ರೆ ಖಾಲಾಗೆ ಇನ್ನೂ ನೋವಲ್ವಾ? ನಂಗೆ ಬೇರೆ ಯಾರ ದುವಾನೂ ಬೇಡ ಅಂತಲ್ಲ ಅಕ್ಕಾ. ಖಾಲಾದು ಇಲ್ಲದೆ ಗಂಡನ ಮನೆ ಹೊಸ್ತಿಲು ದಾಟೋಕೆ ನನ್ನ ಕೈಲಾಗಲ್ಲ."

ಅವಳು ಮೂಗು ಒರೆಸಿಕೊಳ್ಳುತ್ತಿದ್ದಾಗ ಮೇಜಿನ ಮೇಲಿದ್ದ ಹಾಳೆ ನನ್ನ ಕಣ್ಣಿಗೆ ಬಿತ್ತು, ಮುಂದಿನ ಶೂಟಿಗೆಂದು ಬರೆದಿಟ್ಟ ಮುಖ. ನನ್ನ ಸ್ಟುಡಿಯೋದಲ್ಲಿ ಆಪಾ ಗ್ಲಿಟರ್ ಹಚ್ಚುವುದು ಶಾಸ್ತ್ರವಲ್ಲ, ಕೆಲಸ. ಕೆಲಸಕ್ಕೆ ಅವರು ಎಂದೂ ಇಲ್ಲ ಅಂದವರಲ್ಲ. ಗ್ಲಿಟರ್ ಒಂದು ಸಲ ಕೂದಲ ಬುಡಕ್ಕೆ ಕೂತರೆ ಎಣ್ಣೆ ಹಾಕದೆ ಅಷ್ಟು ಸುಲಭಕ್ಕೆ ಬಿಡುವುದೂ ಇಲ್ಲ. ಮದುವೆಯ ಹಿಂದಿನ ದಿನ ಹಚ್ಚಿಸಿಕೊಂಡರೆ ಮದುವೆಯ ದಿನವೂ ಅಲ್ಲೇ ಇರುತ್ತದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಆಪಾಗೆ ಫೋನ್ ಮಾಡಿ, "ಶೀಬಾದು ಒಂದು ಗ್ಲಿಟರ್ ಪೋರ್ಟ್ರೇಟ್ ಮಾಡಣ ಆಪಾ, ನನ್ನ ಕಡೆಯಿಂದ ಗಿಫ್ಟು" ಅಂದೆ. ಸಂತೋಷದಿಂದ ಒಪ್ಪಿದರು. ಶೀಬಾಗೆ ರಜೆ ಸಿಗುವುದೇ ಮದುವೆಯ ಹಿಂದಿನ ದಿನದಿಂದ ಅಂತ ಒಂದು ಸುಳ್ಳು ಹೇಳಿದೆ. ಹಾಳೆಯ ಮೇಲೆ ಮುಖ ಬರೆದು, ನೀಲಿ ಗ್ಲಿಟರನ್ನು ಬೈತಲೆಯಿಂದ ಶುರು ಮಾಡಿ ಹಣೆಗೆ ಇಳಿಸಿ, ಒಂದು ಕಡೆಯ ಕೆನ್ನೆಯವರೆಗೆ ಎಳೆದೆ. ಉಳಿದದ್ದು ಒಂದೇ ತೊಡಕು, ಆ ಎಣ್ಣೆ ಬಾಟಲಿ. ಶೂಟ್ ಮುಗಿದ ತಕ್ಷಣ ಶೀಬಾ ಅಲ್ಲಿಂದ ಓಡಬೇಕು. ಮನೆ ಸೇರಿದ ಮೇಲೆ ನೆಂಟರ ನಡುವೆ ಆಪಾ ಅವಳನ್ನು ಎಣ್ಣೆಗೆ ಕೂರಿಸಲಾರರು. ಅದಕ್ಕೆ ಅಮ್ಮನನ್ನು ಸೇರಿಸಿಕೊಂಡೆ. ನಾನು ಮಿಸ್ಡ್ ಕಾಲ್ ಕೊಟ್ಟಾಗ ಅಮ್ಮ ಶೀಬಾಗೆ ಫೋನ್ ಮಾಡಿ, ಟೇಲರ್ ಅಂಗಡಿಯಿಂದ ಮಾತಾಡುತ್ತಿದ್ದೇನೆ, ಬಟ್ಟೆ ತಯಾರಾಗಿದೆ, ಊಟಕ್ಕೆ ಅಂಗಡಿ ಮುಚ್ಚುತ್ತಿದ್ದೇವೆ, ಬೇಗ ಬಾ ಅನ್ನಬೇಕು. ಶಿವಾಜಿನಗರದ ಟೇಲರ್ ಅಂಗಡಿಯವರು ಕಲಬುರಗಿ ಕಡೆಯ ಕನ್ನಡ ಯಾಕೆ ಮಾತಾಡುತ್ತಾರೆ ಅನ್ನುವುದನ್ನು ನಾನು ಯೋಚಿಸಿರಲಿಲ್ಲ.

ಆ ದಿನ ಬೆಳಗ್ಗೆ ಆಪಾ ಬಂದರು, ಮೆಟ್ಟಿಲಿಗೆ ಶಾಪ ಹಾಕಿದರು, ಬುರ್ಖಾ ತೆಗೆದು ಮೊಳೆಗೆ ಹಾಕಿದರು. ಶೀಬಾಳ ಮುಖಕ್ಕೆ ಮೊದಲ ಕೋಟು ಬಳಿದಾದ ಮೇಲೆ ಹಾಳೆಯನ್ನು ಕೈಗೆತ್ತಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

"ಬೈತಲೆಯಿಂದ ಯಾಕೆ ಶುರು?"

"ಇವತ್ತು ಲೈಟು ಮೇಲಿಂದ ಆಪಾ."

"ನೀನು ಯಾವಾಗ್ಲೂ ಪಕ್ಕದಿಂದ ಅಲ್ವಾ ಬಿಡೋದು?"

"ಒಂದು ಚೇಂಜ್ ಇರ್ಲಿ ಅಂತ."

ಆಪಾ ನನ್ನ ಮುಖ ನೋಡಿದರು. ನಾನು ಲೆನ್ಸ್ ಒರೆಸುವುದಕ್ಕೆ ಶುರು ಮಾಡಿದೆ, ಅದು ಆಗಲೇ ಎರಡು ಸಲ ಒರೆಸಿಕೊಂಡು ಕೂತಿತ್ತು. ಅವರು ಎದ್ದು ಹೋಗಿ ಮೊಣಕೈಯವರೆಗೆ ಕೈ ತೊಳೆದುಕೊಂಡು ಬಂದರು. ನಾನು ತೆಗೆದಿಟ್ಟಿದ್ದ ನೀಲಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ತಮ್ಮ ಚೀಲದಿಂದ ಬಂಗಾರದ ಬಣ್ಣದ್ದನ್ನು ತೆಗೆದರು. ಬೇರೆ ದಿನವಾಗಿದ್ದರೆ ನಾನು ಕೂಗಾಡುತ್ತಿದ್ದೆ. ಆವತ್ತು ನೀಲಿ ಡಬ್ಬಿಯ ಮುಚ್ಚಳ ಹಾಕಿದೆ.

ಬೈತಲೆಗೆ ಗೋಂದು ಸವರಿದರು. ಹೆಬ್ಬೆರಳು ತೋರುಬೆರಳ ನಡುವೆ ಪುಡಿ ಹಿಡಿದು ನೆತ್ತಿಯ ಕಡೆಯಿಂದ ಶುರು ಮಾಡಿದರು. ಶೀಬಾ ಕಣ್ಣು ಮುಚ್ಚಿಕೊಂಡು ಕೂತಿದ್ದಳು, ಉಸಿರಾಡುತ್ತಿದ್ದಾಳೋ ಇಲ್ಲವೋ ಅನ್ನುವ ಹಾಗೆ. ಅರ್ಧ ಬೈತಲೆ ತುಂಬಿತ್ತು. ಅಷ್ಟರಲ್ಲಿ ಮೇಜಿನ ಮೇಲಿದ್ದ ಶೀಬಾಳ ಫೋನು ರಿಂಗಾಗತೊಡಗಿತು. "ಅಲ್ಲಾಡಬೇಡ, ನಾನೇ ಎತ್ತೀನಿ" ಅಂತ ಆಪಾ ಎಡಗೈಯ ಕಿರುಬೆರಳಿಂದ ಸ್ಪೀಕರ್ ಒತ್ತಿದರು.

"ಹಲೋ, ಶೀಬಾ ಇದ್ದೀಯೇನವಾ? ನಾ ಟೇಲರ್ ಅಂಗಡ್ಯಾಗಿಂದ ಮಾತಾಡ್ಲಾಕತ್ತೀನಿ." ಅಮ್ಮ ಒಂದು ಉಸಿರು ಎಳೆದುಕೊಂಡರು. "ಹಚ್ಚಿದ್ರೇನು ನಿಮ್ಮ ಖಾಲಾ? ರಾಜಿ ಮಿಸ್ ಕಾಲ್ ಕೊಡ್ತೀನಿ ಅಂದಿದ್ಲು, ಇನ್ನಾ ಕೊಟ್ಟಿಲ್ಲ, ನನಗ ಜೀವ ತಡೀಲಿಲ್ಲ. ಹಚ್ಚಿದ್ರ ಲಗೂನ ಎದ್ದು ಓಡಿ ಬಾ, ಎಣ್ಣಿ ಹಚ್ಚಿ ತೆಗದ್ಬಿಟ್ಟಾರು!"

ಕೆಳಗೆ ಬೇಕರಿಯಲ್ಲಿ ಯಾರೋ ಪಫ್ಸ್ ಕೇಳುತ್ತಿದ್ದದ್ದು ಮೇಲಿನವರೆಗೂ ಕೇಳಿಸಿತು. ನನ್ನನ್ನು ಭೂಮಿ ನುಂಗಬಾರದೇ ಅನ್ನಿಸಿತು. ಆಪಾನ ಬಲಗೈ ಶೀಬಾಳ ತಲೆಯ ಮೇಲೆ, ಗಾಳಿಯಲ್ಲಿ, ಚಿಟಿಕೆ ಹಿಡಿದ ಹಾಗೇ ನಿಂತುಬಿಟ್ಟಿತ್ತು.

"ಸುಭದ್ರಮ್ಮಾ, ಆಬಿದಾ ಮಾತಾಡ್ತಿರೋದು."

"ಅಯ್ಯ ಶಿವನ" ಅಂದರು ಅಮ್ಮ.

"ಇವ್ರಿಬ್ರೂ ಹುಡುಗ್ರು. ನೀವಾದ್ರೂ ಅರ್ಥ ಮಾಡ್ಕೋಬೇಕಿತ್ತಲ್ವಾ?" ಆಪಾ ಫೋನಿನತ್ತ ಬಾಗಿ ಅಂದರು. ಕೋಪವೋ ಹೆದರಿಕೆಯೋ ನನಗೆ ತಿಳಿಯಲಿಲ್ಲ.

ಅಮ್ಮ ಫೋನ್ ಇಟ್ಟರೆಂದೇ ನಾನು ತಿಳಿದೆ. ಆಮೇಲೆ ನಿಧಾನವಾಗಿ ಅವರ ದನಿ ಬಂತು.

"ತಿಳೀತದ ಆಪಾ. ನನಗ ತಿಳೀದಿದ್ರ ಇನ್ನ್ಯಾರಿಗಿ ತಿಳೀಬೇಕು. ಒಂದೇ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಹುಡುಗಿ ಸಣ್ಣಾಕಿ ಇದ್ದಾಗ ಜ್ವರ ಬಂದ್ರ ಹಣಿ ಮ್ಯಾಲ ತಣ್ಣೀರ ಪಟ್ಟಿ ಹಾಕಿದ ಕೈ ಯಾವುದ್ರಿ? ಆವಾಗ ಆ ಕೈಗಿ ದೋಷ ಇರಲಿಲ್ಲ, ಇವತ್ತ ಹ್ಯಾಂಗ ಬಂತು?"

ನನ್ನ ಅಮ್ಮ, ಸೌಟು ಹಿಡಿದು ಒಳಗೆ ನಿಲ್ಲುವ ನನ್ನ ಅಮ್ಮ, ಈ ಮಾತು ಅಂದರು. ಅವರೊಳಗೆ ಈ ಮಾತು ಇತ್ತೆಂದು ನನಗೆ ಗೊತ್ತಿರಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ.

ಬೆರಳುಗಳಲ್ಲಿ ಬಂಗಾರವಿದ್ದದ್ದರಿಂದ ಆಪಾ ಮುಂಗೈಯಿಂದಲೇ ಕಣ್ಣೊರೆಸಿಕೊಂಡರು. ಶೀಬಾ ಕಣ್ಣು ಬಿಡಲಿಲ್ಲ, ಆದರೆ ಮುಚ್ಚಿದ ರೆಪ್ಪೆಯಿಂದ ನೀರು ಇಳಿದು, ಬಳಿದ ಕೋಟಿನ ಮೇಲೆ ಗೆರೆ ಎಳೆಯಿತು. "ಅಳಬೇಡ, ಮೇಕಪ್ ಹಾಳಾಗುತ್ತೆ" ಅಂತ ಆಪಾ ಗದರಿದರು, ತಾವು ಅಳುತ್ತಲೇ.

ಆಮೇಲೆ ನನ್ನ ಕಡೆ ತಿರುಗಿದರು. ಬೈಗುಳಕ್ಕೆ ತಯಾರಾಗಿ ನಿಂತೆ.

"ರಾಜಿ, ಲೈಟನ್ನ ಪಕ್ಕಕ್ಕೆ ತಗೋ. ಮೇಲಿಂದ ಚೆನ್ನಾಗಿ ಬರಲ್ಲ."

ನಾನು ಲೈಟ್ ಸ್ಟ್ಯಾಂಡನ್ನು ಎಳೆದಾಡಿ ಪಕ್ಕಕ್ಕೆ ತಂದೆ, ಅವಸರದಲ್ಲಿ ವೈರಿಗೆ ಕಾಲು ತೊಡರಿಸಿಕೊಂಡೆ. ಆಪಾ "ಬಿಸ್ಮಿಲ್ಲಾ" ಅಂದರು. ಇಷ್ಟು ವರ್ಷ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದವರು ಆವತ್ತು ಬಾಯಿಬಿಟ್ಟು ಅಂದರು. ಉಳಿದ ಅರ್ಧ ಬೈತಲೆಗೆ ಹಚ್ಚಿದರು, ಹಣೆಗೆ ಇಳಿಸಿದರು. ಪುಡಿ ಉದುರುವಾಗ ಒಂದು ಗಳಿಗೆ ಗಾಳಿಯಲ್ಲಿ ನಿಂತು ಹೊಳೆಯುತ್ತದೆ, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಶೂಟಿನಲ್ಲಿ ಆಪಾ ಎಂದೂ ತಮ್ಮ ಕೈ ಚಿತ್ರದೊಳಗೆ ಬರಲು ಬಿಟ್ಟವರಲ್ಲ, "ಕೈ ತೆಗೀತೀನಿ, ಆಮೇಲೆ ತೆಗಿ" ಅನ್ನುವವರು. ಆವತ್ತು ಅನ್ನಲಿಲ್ಲ. ನಾನು ಬಟನ್ ಒತ್ತಿದೆ. ಒತ್ತುತ್ತಲೇ ಇದ್ದೆ.

ಮುಗಿದ ಮೇಲೆ ಅವರು ಬ್ರಷ್ಷುಗಳನ್ನು ಚೀಲಕ್ಕೆ ತುಂಬಿದರು. ಶೀಬಾಳ ಕೆನ್ನೆ, ಕುತ್ತಿಗೆಗಳನ್ನು ಒದ್ದೆ ಹತ್ತಿಯಿಂದ ಒರೆಸಿ, ಬೈತಲೆಗೂ ಹಣೆಗೂ ಕೈ ಹಾಕದೆ ಬಿಟ್ಟರು. ಎಣ್ಣೆಯ ಬಾಟಲಿ ಚೀಲದಿಂದ ಹೊರಗೆ ಬರಲೇ ಇಲ್ಲ. ಬಾಗಿಲಲ್ಲಿ ನಿಂತು ಬುರ್ಖಾದ ಗುಂಡಿ ಹಾಕಿಕೊಳ್ಳುತ್ತ, "ನಾಳೆ ಯಾರಾದ್ರೂ ಏನಾದ್ರೂ ಅಂದ್ರೆ ನಾನು ಅಲ್ಲಿ ಇರಲ್ಲ, ಹೇಳಿರ್ತೀನಿ" ಅಂದರು. ಮೆಟ್ಟಿಲಿಳಿಯುವಾಗ ಶಾಪ ಕೇಳಿಸಲಿಲ್ಲ.

ಮರುದಿನ ಬೆಳಗ್ಗೆ ಅವರ ಮನೆಯ ನಡುಕೋಣೆಯಲ್ಲಿ ಶೀಬಾ ಮದುವೆಯ ಕೆಂಪು ಜೋಡಾ ತೊಟ್ಟು ಕೂತಿದ್ದಳು, ಹಣೆಯವರೆಗೆ ಎಳೆದುಕೊಂಡ ದುಪಟ್ಟಾ. ಆಪಾ ಅವಳ ಕಣ್ಣಿಗೆ ಕೊನೆಯ ಗೆರೆ ಎಳೆದು ಮುಗಿಸಿದ್ದರು. ಕಮರುನ್ನೀಸಾ ಬೆಳ್ಳಿ ಬಣ್ಣದ ಅಫ್ಶಾನಿನ ಡಬ್ಬಿ ಹಿಡಿದು ಬಂದರು, ಅವರ ಹಿಂದೆ ಉಳಿದ ಹೆಂಗಸರು. ಆಪಾ ಎದ್ದರು. "ಬ್ರಷ್ ತೊಳೀಬೇಕು" ಅಂದು ಹಿತ್ತಲಿಗೆ ನಡೆದರು. ನಾನು ಕ್ಯಾಮೆರಾ ಹಿಡಿದು ನಿಂತಿದ್ದೆ. ಯಾರಾದರೂ ಒಂದು ಕೆಟ್ಟ ಮಾತು ಆಡಿದರೆ ಅದು ನಮ್ಮ ಆಟದಿಂದಲೇ ಆಪಾಗೆ ಬಡಿಯುವುದು.

ಕಮರುನ್ನೀಸಾ ದುಪಟ್ಟಾ ಸರಿಸಿದರು. ಬೈತಲೆಯುದ್ದಕ್ಕೂ ಬಂಗಾರ. ಚಿಟಿಕೆಯ ಕೈ ಹಾಗೇ ನಿಂತಿತು.

"ಇದನ್ನ ಯಾರು ಹಚ್ಚಿದ್ದು?"

"ಖಾಲಾ" ಅಂದಳು ಶೀಬಾ. ತಲೆ ತಗ್ಗಿಸಲಿಲ್ಲ.

ಹಿಂದೆ ನಿಂತಿದ್ದ ವಯಸ್ಸಾದ ಹೆಂಗಸೊಬ್ಬರು "ತೌಬಾ" ಅಂತ ಕೆನ್ನೆ ಮುಟ್ಟಿಕೊಂಡು ಗುಂಪಿನಿಂದ ಸರಿದು ಕಿಟಕಿಯ ಹತ್ತಿರ ಹೋಗಿ ಕೂತರು. ಮಿಕ್ಕವರು ಕಮರುನ್ನೀಸಾರ ಮುಖ ನೋಡಿದರು. ಕಮರುನ್ನೀಸಾ ಆ ಬೈತಲೆಯನ್ನೇ ನೋಡುತ್ತಿದ್ದರು. ಆಮೇಲೆ ಅವರು ಕೂಗಿದ್ದು ಮಸೀದಿ ರಸ್ತೆಗೂ ಕೇಳಿಸಿರಬೇಕು.

"ಆಬಿದಾ! ಏ ಆಬಿದಾ! ಬಾ ಇಲ್ಲಿ!"

ಆಪಾ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದು ನಿಂತರು.

"ಏನು ಹಿಂಗೆ ಹಚ್ಚಿದ್ದೀಯಾ? ಒಂದು ಸಾಸಿವೆಯಷ್ಟು ಜಾಗ ಬಿಟ್ಟಿದ್ದೀಯಾ? ನಾವು ಏಳು ಜನ ಎಲ್ಲಿ ಹಚ್ಚೋದು, ಗೋಡೆಗಾ?"

ಒಬ್ಬರು ಕಿಸಕ್ಕನೆ ನಕ್ಕರು. ಕಮರುನ್ನೀಸಾ ಮುಂದೆ ಹೋಗಿ ಆಪಾನ ಕೈ ಹಿಡಿದರು, ದನಿ ಇಳಿಯಿತು. "ಪ್ರತಿ ಮದುವೆಲೂ ನೀನು ಎದ್ದು ಹೋಗ್ತಿದ್ದೆ. ಕರೆದ್ರೆ ನಿಂಗೆ ನೋವಾಗುತ್ತೇನೋ ಅಂತ ನಾನು ಕರೀಲಿಲ್ಲ. ಅದು ನಂದೇ ತಪ್ಪು. ಬಾ, ಮುಂದೆ ನಿಂತ್ಕೋ. ಈ ಮಗುಗೆ ನಿನ್ನ ಬಿಟ್ರೆ ತಾಯಿ ಯಾರಿದ್ದಾರೆ?"

"ನಂದು ಆಯ್ತು ಭಾಭಿ" ಅಂದರು ಆಪಾ. "ನೀವು ಹಚ್ಚಿ."

ಮತ್ತೆ ಪುಡಿಗೆ ಕೈ ಹಾಕಲಿಲ್ಲ. ಆದರೆ ಹಿತ್ತಲಿಗೂ ಹೋಗಲಿಲ್ಲ. ಶೀಬಾಳ ಪಕ್ಕದಲ್ಲಿ, ಅವಳ ಹೆಗಲ ಮೇಲೆ ಕೈಯಿಟ್ಟು ನಿಂತರು. ಕಿಟಕಿಯ ಹತ್ತಿರ ಕೂತವರ ಬದಲಿಗೆ ಪಕ್ಕದ ಮನೆಯವರು ಬಂದು ಸೇರಿಕೊಂಡರು. ಬಂಗಾರದ ಮೇಲೆ ಬೆಳ್ಳಿ ಉದುರಿತು. ಆ ಹೊತ್ತಿನ ನನ್ನ ಚಿತ್ರಗಳಲ್ಲಿ ಅರ್ಧಕ್ಕರ್ಧ ಫೋಕಸ್ ಇಲ್ಲ. ಫೋಕಸ್ ಹೇಗಿರುತ್ತದೆ, ನನ್ನ ಕಣ್ಣೇ ಕಾಣುತ್ತಿರಲಿಲ್ಲ.

ಅಮ್ಮನೂ ಬಂದಿದ್ದರು. ಆಪಾ ಅವರನ್ನು ಎಳೆದುಕೊಂಡು ಹೋಗಿ ಹೆಂಗಸರ ಮೊದಲ ಸಾಲಿನಲ್ಲಿ ಕೂರಿಸಿ, "ಇವ್ರೇ ನಮ್ಮ ಟೇಲರ್" ಅಂತ ಎಲ್ಲರಿಗೂ ಪರಿಚಯ ಮಾಡಿಕೊಟ್ಟರು. ಅಮ್ಮ ನಾಚಿಕೊಂಡು ಸೆರಗು ಹೊದ್ದುಕೊಂಡರು. ನಮ್ಮ ವಠಾರದಲ್ಲಿ ಅಮ್ಮನನ್ನು ಯಾರೂ ಕೈಹಿಡಿದು ಹೀಗೆ ಮುಂದೆ ಕೂರಿಸಿದ್ದಿಲ್ಲ. ಆ ಒಂದು ಕಾರಣಕ್ಕೆ ನಾನು ಆಬಿದಾ ಆಪಾಗೆ ಈ ಜನ್ಮವಿಡೀ ಋಣಿ. ಕಣ್ಣಿನ ಹತ್ತಿರ ಎಂಥ ಪುಡಿ ಹಚ್ಚಬಾರದು ಅಂತ ಹೇಳಿಕೊಟ್ಟದ್ದಕ್ಕೆ, ಬಂದ ಹುಡುಗಿಯನ್ನು ಬಂದ ಹಾಗೇ ಮನೆಗೆ ಕಳಿಸಬೇಕು ಅಂತ ಕಲಿಸಿದ್ದಕ್ಕೆ, ನನ್ನ ಕೋಪವನ್ನು ನಕ್ಕು ತಳ್ಳಿಹಾಕಿದ್ದಕ್ಕೆ ಕೂಡ.

ಶೀಬಾಳನ್ನು ಕಳಿಸಿಕೊಟ್ಟ ಮೇಲೆ ನಾವು ಮೂವರೂ ಊಟಕ್ಕೆ ಕೂತೆವು. ಅತ್ತು ಅತ್ತು ಆಪಾನ ಮುಖ ಊದಿತ್ತು. ಅಮ್ಮನಿಗೆಂದು ಬೇರೆಯಾಗಿ ಮಾಡಿಸಿದ್ದ ತರಕಾರಿ ಪಲಾವನ್ನು ಬಡಿಸುತ್ತಿದ್ದಾಗ ಅವರ ಕೈ ನನ್ನ ಕಣ್ಣಿಗೆ ಬಿತ್ತು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ, ತೋರುಬೆರಳ ಗೆರೆಗಳಲ್ಲಿ, ನಿನ್ನೆಯ ಬಂಗಾರ ಇನ್ನೂ ಇತ್ತು.

"ಆಪಾ, ಕೈಯಲ್ಲಿ ಇನ್ನೂ ಇದೆ."

ಅವರು ಕೈಯನ್ನು ತಿರುಗಿಸಿ ನೋಡಿಕೊಂಡರು. "ನೀರಲ್ಲಿ ಹೋಗಲ್ಲ ಅದು."

"ಎಣ್ಣೆ?"

"ಎಣ್ಣೆ ಹಾಕೋದು ಮರ್ತೆ" ಅಂದರು, ನನ್ನ ಕಡೆ ನೋಡದೆ. ಅಮ್ಮನ ತಟ್ಟೆಗೆ ಇನ್ನೊಂದು ಚಮಚ ಪಲಾವು ಹಾಕಿದರು. ಅಷ್ಟು ವರ್ಷಗಳಲ್ಲಿ ಆಬಿದಾ ಆಪಾ ಎಣ್ಣೆ ಮರೆತದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.